ಬ್ರೂಸ್‌ಪೇಟೆಯ ಸಾರಾಯಿ ಅಂಗಡಿ ಯಾರದಿತ್ತು? ಹುಡುಕುವ ದಾರಿ

ನಿಮ್ಮ ಮುತ್ತಜ್ಜ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲೋ ಕೌಲ್‌ಬಜಾರಿನಲ್ಲೋ ಸಾರಾಯಿ ಗುತ್ತಿಗೆ ಹಿಡಿದಿದ್ದರು ಎಂಬ ಮಾತು ಮನೆಯಲ್ಲಿದ್ದರೆ, ಅದನ್ನು ದಾಖಲೆಯಲ್ಲಿ ಪತ್ತೆಹಚ್ಚಬಹುದು. ಆದರೆ ಹೆಸರು ಹಿಡಿದು ಹೊರಡಬೇಡಿ. ಮೊದಲು ವರ್ಷ, ಆಮೇಲೆ ಅಂಗಡಿ, ಕೊನೆಗೆ ಹೆಸರು.

ವರ್ಷ ಯಾವುದು?

ಬಳ್ಳಾರಿ 1800ರಿಂದ 1953ರ ಸೆಪ್ಟೆಂಬರ್‌ವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹಾಗಾಗಿ ಆ ಕಾಲದ ರೆವಿನ್ಯೂ ಬೋರ್ಡಿನ ಅಬ್ಕಾರಿ ಕಡತಗಳಿಗೆ ಬೆಂಗಳೂರಿನಲ್ಲಿ ತಡಕಾಡದೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಪಾನನಿಷೇಧ 1948ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯವನ್ನು ಆವರಿಸಿತ್ತು. ಅದು ಜಾರಿಯಲ್ಲಿದ್ದ ವರ್ಷಗಳಲ್ಲಿ ಅಂಗಡಿಯ ಲೈಸೆನ್ಸ್ ಹುಡುಕಿ ಫಲವಿಲ್ಲ.

ಅಂಗಡಿ ಎಲ್ಲಿತ್ತು?

1886ರ ಮದ್ರಾಸ್ ಅಬ್ಕಾರಿ ಕಾಯ್ದೆಯ ಕಾಲದಲ್ಲಿ ಸಾರಾಯಿ, ಸೇಂದಿ ಅಂಗಡಿಗಳ ಹಕ್ಕು ಹರಾಜಿಗೆ ಬರುತ್ತಿತ್ತು. ಜಿಲ್ಲಾ ಗೆಜೆಟ್‌ನ ಹರಾಜು ಪ್ರಕಟಣೆಗಳಲ್ಲಿ ಅಂಗಡಿಯ ಜಾಗ ಗುರುತಿಸಿಕೊಳ್ಳಿ. ಹರಾಜು ಕೂಗಿದವರ ಹೆಸರಿಗೆ ಕಲೆಕ್ಟರ್ ಕಚೇರಿಯ ಕಡತ ನೋಡಿ. ಕುರುಗೋಡು ತಾಲ್ಲೂಕಾದದ್ದು ಇತ್ತೀಚೆಗೆ. ಅಲ್ಲಿನ ಅಂಗಡಿಯನ್ನು ಬಳ್ಳಾರಿ ತಾಲ್ಲೂಕಿನಡಿ ಹುಡುಕಿ. ಮದ್ರಾಸಿನ ಅಸೈಲಂ ಪ್ರೆಸ್ ಡೈರೆಕ್ಟರಿಯಂಥ ಪುಸ್ತಕಗಳು ಅಧಿಕಾರಿಗಳನ್ನೂ ಯುರೋಪಿಯನ್ ವ್ಯಾಪಾರಿಗಳನ್ನೂ ಗುರುತಿಸಲು ಒದಗುತ್ತವೆ. ಪೇಟೆಯ ಸಣ್ಣ ಅಂಗಡಿಕಾರರಿಗೆ ಅವನ್ನೇ ನೆಚ್ಚಬೇಡಿ.

ಉಪನೋಂದಣಿ ಕಚೇರಿಯನ್ನು ಮರೆಯಬೇಡಿ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿ ಪತ್ರಗಳ ಒಂದನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಹಳೆಯ ಕ್ರಯಪತ್ರದ ಚಕ್ಕುಬಂದಿಯನ್ನು ನಿಧಾನವಾಗಿ ಓದಿ. "ಪೂರ್ವಕ್ಕೆ ಇಂಥವರ ಸಾರಾಯಿ ಅಂಗಡಿ" ಎಂಬಂಥ ಒಂದು ಸಾಲು ಸಿಕ್ಕರೆ ಜಾಗವೂ ಹೆಸರೂ ಒಟ್ಟಿಗೆ ಸಿಕ್ಕಂತೆ.

ಹೆಸರು ಯಾರದು?

ಇಂಗ್ಲಿಷ್ ಕಡತದಲ್ಲಿ ಈರಪ್ಪ, ಎರ್ರಪ್ಪ, ವೀರಪ್ಪ ಒಬ್ಬರೇ ಆಗಿರಬಹುದು. ತಂದೆಯ ಹೆಸರು, ಊರು ಹೊಂದದೆ ತೀರ್ಮಾನಕ್ಕೆ ಬರಬೇಡಿ.

ಲೈಸೆನ್ಸಿನಲ್ಲಿದ್ದವರೇ ಬಂಡವಾಳ ಹಾಕಿದವರು ಎಂದೂ ಅಲ್ಲ. ಲೈಸೆನ್ಸನ್ನು ಅನುಮತಿಯಿಲ್ಲದೆ ಬೇರೆಯವರಿಗೆ ವಹಿಸುವಂತಿರಲಿಲ್ಲ. ಆದರೂ ಒಳಗೊಳಗೇ ಪಾಲುಗಾರರಿರುತ್ತಿದ್ದರು. ಇಂಥ ಪಾಲುದಾರಿಕೆ ಅಸಿಂಧು ಎಂದು 1950ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ತೀರ್ಪು ಕೊಟ್ಟಿತು. ಲೆಕ್ಕಕ್ಕಾಗಿ ಜಗಳವಾಡಿ ಕೋರ್ಟಿಗೆ ಹೋದವರ ದಾವೆಗಳಲ್ಲಿ ಮರೆಯಲ್ಲಿದ್ದವರ ಹೆಸರು ಹೊರಬರುತ್ತದೆ.

ಸೇಂದಿ ಇಳಿಸಿದ, ಅಂಗಡಿ ನಡೆಸಿದ ಎಷ್ಟೋ ಮನೆತನಗಳು ಈ ಕಸುಬನ್ನು ಹೇಳಿಕೊಳ್ಳಲು ಹಿಂಜರಿಯುತ್ತವೆ. ಸರ್ಕಾರ ಲೈಸೆನ್ಸ್ ಕೊಟ್ಟು, ಹಣ ಕಟ್ಟಿಸಿಕೊಂಡು ನಡೆಸಿದ ವ್ಯಾಪಾರ ಇದು. ಬಳ್ಳಾರಿಯ ಚರಿತ್ರೆಯಲ್ಲಿ ಅವರ ಹೆಸರೂ ಇರಬೇಕು. ಆದ್ದರಿಂದ ಸಿಕ್ಕ ಪ್ರತಿ ಹೆಸರಿನ ಪಕ್ಕ ಕಡತದ ಸಂಖ್ಯೆ, ತಾರೀಕು, ಪುಟ ಬರೆದಿಡಿ. ಮುಂದೆ ಹುಡುಕುವವರು ಅಲ್ಲಿಂದಲೇ ಶುರುಮಾಡಬಹುದು.