ರೈಲು ನಿಂತಿತು, ಕಾಫಿ ಹೊರಟಿತು

ಎಡಕುಮೇರಿಗೆ ಕಾರು ಹೋಗುವುದಿಲ್ಲ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಕಾಡಿನಲ್ಲಿರುವ ಈ ಪುಟ್ಟ ನಿಲ್ದಾಣಕ್ಕೆ ಹಳಿಯೇ ದಾರಿ. ಆದರೂ ಒಂದು ಕಾಲಕ್ಕೆ ಬೆಂಗಳೂರಿನ ಚಾರಣಿಗರ ಬಾಯಲ್ಲಿ ಸಕಲೇಶಪುರಕ್ಕಿಂತ ಇದರ ಹೆಸರೇ ಹೆಚ್ಚು ಓಡಾಡುತ್ತಿತ್ತು. ಈಗ ಅದೇ ಸೀಮೆಗೆ ಬರುವವರು ತೋಟ ಸುತ್ತುತ್ತಾರೆ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೋಡುತ್ತಾರೆ, ಅಲ್ಲೇ ಹುರಿದು ಪುಡಿ ಮಾಡಿದ ಕಾಫಿ ಕುಡಿದು ಅರ್ಧ ಕಿಲೋ ಕಟ್ಟಿಸಿಕೊಂಡು ಹೋಗುತ್ತಾರೆ. ಈ ರೂಢಿ ಬಹಳ ಹಳೆಯದೇನಲ್ಲ. ಅದರ ಬೇರು ಹುಡುಕುತ್ತ ಹೋದರೆ 1996ಕ್ಕೆ ಬಂದು ನಿಲ್ಲಬೇಕಾಗುತ್ತದೆ.

ಆ ವರ್ಷ ರೈಲು ನಿಂತಿತು. ಎಡಕುಮೇರಿಯನ್ನು ಹಾಯುವ ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಘಟ್ಟದ ಸುಮಾರು 55 ಕಿ.ಮೀ. ಉದ್ದಕ್ಕೆ 57 ಸುರಂಗಗಳು, ನೂರಕ್ಕೂ ಮಿಕ್ಕಿದ ಸೇತುವೆಗಳು; ಐವತ್ತು ಅಡಿ ಮುಂದೆ ಸಾಗಿದರೆ ಒಂದು ಅಡಿ ಕೆಳಗಿಳಿಯುವ ಇಳಿಜಾರು. ಬ್ರಾಡ್‌ಗೇಜ್ ಮಾಡಲೆಂದು ಸಂಚಾರ ನಿಲ್ಲಿಸಿದ ಮೇಲೆ ಸರಕು ರೈಲು ಮರಳಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ನಡುವಿನ ಹತ್ತು ವರ್ಷ ಹಳಿಗಳು ನಡೆಯುವವರ ಪಾಲಾದವು. ದೋಣಿಗಲ್‌ನಿಂದ ಹೊರಟು, ಸ್ಲೀಪರ್‌ನಿಂದ ಸ್ಲೀಪರ್‌ಗೆ ಹೆಜ್ಜೆ ಅಳೆಯುತ್ತ, ಟಾರ್ಚ್ ಬೆಳಕಿನಲ್ಲಿ ಸುರಂಗ ದಾಟಿ ಎಡಕುಮೇರಿಯಲ್ಲಿ ರಾತ್ರಿ ಕಳೆಯುವುದು ಕಾಲೇಜು ಹುಡುಗರಿಗೆ ದೊಡ್ಡ ಸಾಹಸವಾಗಿತ್ತು. ಈಗ ಹಾಗೆ ಹೊರಟರೆ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಆಸೆ ಬಿಡದವರಿಗೆ 2021ರ ಜುಲೈಯಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಇದೆ.

ಅದೇ 1996ರಲ್ಲಿ ಕಾಫಿಗೂ ಬಿಡುಗಡೆ ಸಿಕ್ಕಿತು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹವಾದ ಪೂಲ್‌ಗೆ ಒಪ್ಪಿಸಬೇಕಿತ್ತು. ಮನೆಖರ್ಚಿಗೆ, ಬಿತ್ತನೆಗೆ ಇಷ್ಟೆಂದು ಬಿಟ್ಟುಕೊಡುತ್ತಿದ್ದರು. ಹಣ ಕಂತುಗಳಲ್ಲಿ ಬರುತ್ತಿತ್ತು. ನೂರಾರು ಎಕರೆಯ ಸಾಹುಕಾರರೂ ಗೇಟಿನ ಬಳಿ ಬಂದವರಿಗೆ ತಮ್ಮ ತೋಟದ ಕಾಫಿಯ ಪೊಟ್ಟಣ ಮಾರುವಂತಿರಲಿಲ್ಲ. 1992ರಲ್ಲಿ ಶೇ 30ರಷ್ಟನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಅನುಮತಿ ಸಿಕ್ಕಿತು. ನಾಲ್ಕು ವರ್ಷದಲ್ಲಿ ಪೂಲ್ ಪೂರ್ತಿ ಹೋಯಿತು. ಮೂಡಿಗೆರೆ ಸೀಮೆಯ ವಿ.ಜಿ. ಸಿದ್ಧಾರ್ಥ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದೂ ಅದೇ ವರ್ಷ.

ಸ್ವಾತಂತ್ರ್ಯ ಬಂತು, ಬೆನ್ನಿಗೇ ಬೆಲೆ ಕುಸಿಯಿತು. 1994ರಲ್ಲಿ ಬ್ರೆಜಿಲ್ಲಿನ ಬೆಳೆ ಕೊರೆವ ಹಿಮಕ್ಕೆ ಸುಟ್ಟು ಬೆಲೆ ಏರಿದ್ದು ಇಲ್ಲಿಯವರ ಕೈಗೆ ಹಣ ಹಾಕಿತ್ತು. 2000ದ ಹೊತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ಹೆಚ್ಚಾಗಿ, ಖರ್ಚೂ ಹುಟ್ಟದ ಸ್ಥಿತಿ ಬಂತು. ಹಳೆಯ ಬಂಗಲೆಗಳ ಖಾಲಿ ಕೋಣೆಗಳಿಗೆ ಹೊಸ ಹಾಸಿಗೆ ಬಿದ್ದದ್ದು ಆಗ. ಮಲೆನಾಡಿನ ಹೋಂಸ್ಟೇಗಳ ಹಿಂದೆ ಅತಿಥಿಸತ್ಕಾರದಷ್ಟೇ ಬ್ಯಾಂಕ್ ಸಾಲದ ಬಡ್ಡಿಯೂ ಇದೆ.

ಕಾಫಿ ಕಂಡ ಏಳುಬೀಳು ಇದೊಂದೇ ಅಲ್ಲ. 1850ರ ದಶಕದಲ್ಲಿ ಮಂಜರಾಬಾದಿಗೆ (ಸಕಲೇಶಪುರ ಸೀಮೆಯ ಹಳೆಯ ಹೆಸರು) ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬೋರರ್ (ಕಾಂಡಕೊರಕ) ಹುಳು ಹಳೆಯ ‘ಚಿಕ್’ ತಳಿಯನ್ನು ತಿಂದುಹಾಕಿದ್ದನ್ನೂ ಕೊಡಗಿನ ಬೀಜ ತಂದು ತೋಟ ಉಳಿಸಿಕೊಂಡದ್ದನ್ನೂ ಬರೆದಿದ್ದಾನೆ. ಅರೇಬಿಕಾ ಬೆಳೆಯುವವರು ಇಂದಿಗೂ ಕಾಂಡಕೊರಕದ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಾರೆ.

ತೋಟಕ್ಕೆ ಬಂದವರು ಸಾಮಾನ್ಯವಾಗಿ ಕೆಂಪು ಹಣ್ಣಿನ ಮುಂದೆ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಅಸಲಿ ಕೆಲಸ ಇರುವುದು ಪಲ್ಪರ್ ಮನೆಯಲ್ಲಿ. ಹಣ್ಣನ್ನು ಬೆರಳಲ್ಲಿ ಹಿಚುಕಿದರೆ ಲೋಳೆ ಮೆತ್ತಿದ ಎರಡು ಬೀಜ ಜಾರಿ ಬರುತ್ತವೆ, ನಾಲಿಗೆಗೆ ಸಿಹಿ. ಸಿಪ್ಪೆ ಸುಲಿದ ಬೀಜವನ್ನು ತೊಟ್ಟಿಯಲ್ಲಿ ಹಾಕಿಟ್ಟರೆ ಲೋಳೆ ಹುದುಗಿ ಸಡಿಲವಾಗುತ್ತದೆ. ಅರೇಬಿಕಾಗೆ ಒಂದೂವರೆ ದಿನದ ಆಸುಪಾಸು, ರೋಬಸ್ಟಾಗೆ ಇನ್ನಷ್ಟು. ಕೈ ಹಾಕಿ ಉಜ್ಜಿದಾಗ ಬೀಜ ಜಾರದೆ ಗರಗರ ಎಂದರೆ ತೊಳೆಯುವ ಹೊತ್ತು ಬಂತೆಂದು ಲೆಕ್ಕ. ತಡವಾದರೆ ಹುಳಿ ವಾಸನೆ ಹತ್ತಿ ಇಡೀ ತೊಟ್ಟಿಯ ದರ ಇಳಿಯುತ್ತದೆ. ತೊಳೆದದ್ದನ್ನು ಕಣದಲ್ಲಿ ಹರವಿ, ಆಗಾಗ ಕೈಯಾಡಿಸಿ ಒಣಗಿಸಿದರೆ ಅದು ಪಾರ್ಚ್‌ಮೆಂಟ್.

ಕೆಲವು ಬೆಳೆಗಾರರು ಈಗ ಗಾಳಿಯಾಡದ ಡ್ರಮ್ಮುಗಳಲ್ಲಿ ಹಣ್ಣು ಮುಚ್ಚಿಟ್ಟು, ಯೀಸ್ಟ್ ಬೆರೆಸಿ ಹೊಸ ರುಚಿ ಹುಡುಕುತ್ತಿದ್ದಾರೆ. ಅವರು ಲೋಟಕ್ಕೆ ಬಗ್ಗಿಸಿ ಕೊಡುವ ಹಾಲಿಲ್ಲದ ಕಾಫಿಯಲ್ಲಿ ಹಣ್ಣಿನ ಹುಳಿ ಎದ್ದು ಕಾಣುತ್ತದೆ. ಚಿಕೋರಿ ಬೆರೆತ ಗಟ್ಟಿ ಡಿಕಾಕ್ಷನ್‌ಗೆ ಒಗ್ಗಿದ ಹಿರಿಯರು ಒಂದು ಗುಟುಕಿಗೇ ಸಾಕೆನ್ನುವುದೂ ಉಂಟು. ಅವರ ಪಕ್ಷವನ್ನು ತಳ್ಳಿಹಾಕುವಂತಿಲ್ಲ.

ಇಷ್ಟಾದರೂ ಹೆಸರಿನ ವಿಷಯದಲ್ಲಿ ಈ ಸೀಮೆ ಹಿಂದೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಆ ವರ್ಷದ ಪಟ್ಟಿಯಲ್ಲಿ ಮಂಜರಾಬಾದ್ ಇರಲಿಲ್ಲ.

ಮಳೆಗಾಲದಲ್ಲಿ ಹೊರಡುವವರು ಮೊದಲು ದಾರಿಯ ಸುದ್ದಿ ಕೇಳಿಕೊಳ್ಳಬೇಕು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣೇ ಕುಸಿದು ರೈಲುಗಳು ನಿಂತವು. ಶಿರಾಡಿ ಘಾಟಿಯ ಹೆದ್ದಾರಿಯಲ್ಲೂ ಗುಡ್ಡ ಜರಿದಿತ್ತು. ತೊಟ್ಟಿ ತುಂಬಿರುವುದನ್ನು ನೋಡಬೇಕಾದರೆ ಡಿಸೆಂಬರ್, ಜನವರಿ ಸರಿ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ವಾರ ಕಳೆದರೆ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂತೆ ಘಮಘಮಿಸುತ್ತದೆ, ಆದರೆ ಪಲ್ಪರ್ ಅಷ್ಟರಲ್ಲಿ ಕೆಲಸ ಮುಗಿಸಿರುತ್ತದೆ.