ನೆತ್ತರ ಹೆಪ್ಪು, ಮೂತ್ರಪಿಂಡದ ಉರಿ

ದೇಹಕ್ಕೆ ಗಾಯವಾದೊಡನೆ ಎರಡು ಕಾರ್ಯಗಳು ಏಕಕಾಲದಲ್ಲಿ ಆರಂಭವಾಗುತ್ತವೆ: ಸೋರುತ್ತಿರುವ ರಕ್ತವು ಹೆಪ್ಪುಗಟ್ಟಿ ಗಾಯದ ಬಾಯನ್ನು ಮುಚ್ಚುತ್ತದೆ; ಸುತ್ತಲಿನ ಮಾಂಸವು ಕೆಂಪೇರಿ, ಬಿಸಿಯೇರಿ, ಬಾತುಕೊಂಡು, ರೋಗಾಣುಗಳನ್ನು ಎದುರಿಸಬಲ್ಲ ಬಿಳಿಯ ರಕ್ತಕಣಗಳನ್ನು ತನ್ನೆಡೆಗೆ ಬರಮಾಡಿಕೊಳ್ಳುತ್ತದೆ. ವೈದ್ಯಗ್ರಂಥಗಳು ಬೇರೆಬೇರೆ ಅಧ್ಯಾಯಗಳಲ್ಲಿ ವಿವರಿಸುವ ಈ ಹೆಪ್ಪು ಮತ್ತು ಉರಿಯೂತಗಳು ಒಂದೇ ರಕ್ಷಣಾಕಾರ್ಯದ ಅವಿಭಾಜ್ಯ ಅಂಗಗಳೆಂಬ ಸಂಗತಿಯು ಅತ್ಯಂತ ಸ್ಪಷ್ಟವಾಗಿಯೂ ಅತ್ಯಂತ ದಾರುಣವಾಗಿಯೂ ಗೋಚರವಾಗುವುದು ಲೂಪಸ್ ರೋಗಿಯ ಮೂತ್ರಪಿಂಡದಲ್ಲಿ.

ಪರಕೀಯವನ್ನು ಸಂಹರಿಸಬೇಕಾದ ಪ್ರತಿಕಾಯಗಳು ಸ್ವಕೀಯವನ್ನೇ, ಅದರಲ್ಲಿಯೂ ಜೀವಕೋಶದ ಗರ್ಭದಲ್ಲಿರುವ ಡಿಎನ್‌ಎಯನ್ನೇ, ಶತ್ರುವೆಂದು ಬಗೆದು ಅದರ ಮೇಲೆರಗುವುದು ಈ ರೋಗದ ಸ್ವರೂಪ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸ್ತ್ರೀಯರು, ಬಹುಪಾಲು ತಾಯ್ತನದ ವಯಸ್ಸಿನವರು. ಕೀಲುನೋವು, ಜ್ವರ, ಕೆನ್ನೆಗಳ ಮೇಲಿನ ಕೆಂಪು ಇವುಗಳನ್ನು ರೋಗಿಯೇ ಕಂಡುಕೊಳ್ಳುತ್ತಾಳೆ; ಮೂತ್ರಪಿಂಡದ ಹಾನಿ ಮಾತ್ರ ನೋವಿಲ್ಲದೆ, ಸದ್ದಿಲ್ಲದೆ ಸಾಗುತ್ತದೆ.

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಲೋಮನಾಳಗಳ ಗುಚ್ಛಗಳಿದ್ದು, ಅವೆಲ್ಲವೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಪ್ರತಿಕಾಯವೂ ಅದು ಹಿಡಿದ ವಸ್ತುವೂ ಕೂಡಿದ ಸಂಕೀರ್ಣಗಳು ಈ ಗುಚ್ಛಗಳ ಭಿತ್ತಿಯಲ್ಲಿ ನೆಲೆಗೊಂಡಾಗ, ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಮೂಹವು ಎಚ್ಚೆತ್ತು ಬಿಳಿಯ ಕಣಗಳನ್ನು ಅಲ್ಲಿಗೆ ಸೆಳೆಯುತ್ತದೆ. ಆರೋಗ್ಯದಲ್ಲಿ ರಕ್ತವನ್ನು ಹೆಪ್ಪುಗಟ್ಟಗೊಡದೆ ಕಾಯ್ದುಕೊಂಡಿದ್ದ ನಾಳದ ಒಳಪೊರೆಯು ಈ ದಾಳಿಯಲ್ಲಿ ತನ್ನ ಆ ಗುಣವನ್ನು ಕಳೆದುಕೊಂಡು, ಹೆಪ್ಪನ್ನು ಪ್ರಚೋದಿಸುವ ವಸ್ತುಗಳನ್ನು ತಾನೇ ಹೊರತರುತ್ತದೆ, ರಕ್ತದ ಕಿರುತಟ್ಟೆಗಳು (ಪ್ಲೇಟ್‌ಲೆಟ್‌ಗಳು) ಅಂಟಿಕೊಳ್ಳುತ್ತವೆ, ಥ್ರಾಂಬಿನ್ ಎಂಬ ಕಿಣ್ವ ಹುಟ್ಟಿ ಫೈಬ್ರಿನ್ನಿನ ಎಳೆಗಳನ್ನು ಹೆಣೆಯುತ್ತದೆ. ಥ್ರಾಂಬಿನ್ನಿನ ಕೆಲಸ ಅಲ್ಲಿಗೇ ನಿಲ್ಲುವುದಿಲ್ಲ. ಅದು ಒಳಪೊರೆಯ ಕೋಶಗಳನ್ನು ಮತ್ತಷ್ಟು ಕೆರಳಿಸಿ ಇನ್ನಷ್ಟು ಬಿಳಿಯ ಕಣಗಳನ್ನು ಕರೆಸುತ್ತದೆ. ಉರಿಯೂತವು ಹೆಪ್ಪನ್ನೂ ಹೆಪ್ಪು ಉರಿಯೂತವನ್ನೂ ಹೀಗೆ ಪರಸ್ಪರ ಪೋಷಿಸುತ್ತ ಹೋಗುತ್ತವೆ. ಮಳೆಗಾಲದಲ್ಲಿ ಕೆರೆಯ ಏರಿ ಬಿರಿದಾಗ ಊರವರು ಹೊತ್ತು ತಂದು ಸುರಿಯುವ ಮಣ್ಣು ಊರನ್ನುಳಿಸುತ್ತದೆ. ಏರಿ ಭದ್ರವಾಗಿರುವಾಗ ಅದೇ ಮಣ್ಣನ್ನು ತೂಬಿನ ಬಾಯಿಗೆ ಸುರಿದರೆ ಕೆಳಗಿನ ಗದ್ದೆಗಳು ಒಣಗುತ್ತವೆ. ಲೂಪಸ್ಸಿನ ಮೂತ್ರಪಿಂಡದಲ್ಲಿ ಆಗುವುದು ಅದೇ.

ಬಿಳಿಯ ಕಣಗಳಲ್ಲೊಂದು ಬಗೆಯಾದ ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಹೊರಬೀಸಿ ರೋಗಾಣುಗಳನ್ನು ಸಿಕ್ಕಿಸುತ್ತವೆಂಬುದು 2004ರಲ್ಲಿ ಪ್ರಕಟವಾದ ಶೋಧ. ಈ ಬಲೆಯ ಎಳೆಗಳು ಹೆಪ್ಪು ಬೆಳೆಯಲು ಹಂದರವಾಗುತ್ತವೆ. ಜೊತೆಗೆ, ಲೂಪಸ್ಸಿನ ಪ್ರತಿಕಾಯಗಳು ಅರಸುವ ವಸ್ತುವೇ ಡಿಎನ್‌ಎ ಆದುದರಿಂದ, ಅವುಗಳ ಕೋಪಕ್ಕೆ ಹೊಸ ಆಹಾರವೂ ಆಗುತ್ತವೆ. ಕೆಲವು ರೋಗಿಗಳ ರಕ್ತದಲ್ಲಿ ಈ ಬಲೆಗಳನ್ನು ಕರಗಿಸುವ ಶಕ್ತಿಯು ಕುಂದಿದ್ದು, ಅಂಥವರಲ್ಲಿ ಮೂತ್ರಪಿಂಡದ ರೋಗ ಹೆಚ್ಚಾಗಿರುವುದೂ ಆಮೇಲೆ ತಿಳಿದುಬಂತು.

ಈ ರೋಗದ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಹಿಡಿದಿರುವುದು ಒಂದು ವಿರೋಧಾಭಾಸ. 1952ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕಾನ್ಲಿ ಮತ್ತು ಹಾರ್ಟ್‌ಮನ್ ಅವರು, ಲೂಪಸ್ ಪೀಡಿತರಾದ ಇಬ್ಬರ ರಕ್ತವು ಪರೀಕ್ಷಾನಳಿಕೆಯಲ್ಲಿ ಹೆಪ್ಪುಗಟ್ಟಲು ಅತಿಯಾಗಿ ತಡಮಾಡುವುದನ್ನು ವರದಿ ಮಾಡಿದರು. ಇಂಥ ರಕ್ತವುಳ್ಳವರು ರಕ್ತಸ್ರಾವದಿಂದ ಬಳಲಬೇಕಷ್ಟೆ. ಆದರೆ 1963ರಲ್ಲಿ ಬೋವಿ ಮತ್ತು ಸಂಗಡಿಗರು ಕಂಡದ್ದು ಅದಕ್ಕೆ ವಿರುದ್ಧವಾಗಿ, ಅಂಥವರ ನಾಳಗಳಲ್ಲಿ ಕಟ್ಟಿದ ಹೆಪ್ಪನ್ನು. ಹೆಪ್ಪುಗಟ್ಟುವಿಕೆಗೆ ಆಧಾರವಾದ ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಶಗಳನ್ನೂ ಅವುಗಳಿಗಂಟಿದ ಪ್ರೋಟೀನುಗಳನ್ನೂ ಮುತ್ತಿಕೊಳ್ಳುವ ಪ್ರತಿಕಾಯಗಳು ಗಾಜಿನ ನಳಿಕೆಯಲ್ಲಿ ಹೆಪ್ಪನ್ನು ತಡೆದರೂ, ಜೀವಂತ ನಾಳದಲ್ಲಿ ಒಳಪೊರೆಯನ್ನೂ ಕಿರುತಟ್ಟೆಗಳನ್ನೂ ಕೆರಳಿಸಿ ಅದನ್ನು ಹೆಚ್ಚಿಸುತ್ತವೆ. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಅವರು ಈ ಪ್ರತಿಕಾಯಗಳಿಗೂ ಹೆಪ್ಪಿಗೂ ಗರ್ಭಪಾತಕ್ಕೂ ಇರುವ ನಂಟನ್ನು ವಿವರಿಸಿದರು.

ಚಿಕಿತ್ಸೆಯ ದೃಷ್ಟಿಯಿಂದ, ಹಾನಿಗೆ ಕಾರಣ ಉರಿಯೂತವೋ ಹೆಪ್ಪೋ ಎಂಬ ಭೇದ ಅತಿ ಮುಖ್ಯ. ಈ ಪ್ರತಿಕಾಯಗಳು ಮೂತ್ರಪಿಂಡದ ಸೂಕ್ಷ್ಮನಾಳಗಳನ್ನು ಹೆಪ್ಪಿನಿಂದ ಮುಚ್ಚಿದಾಗ ಉರಿಯೂತವು ಅಷ್ಟಾಗಿ ಕಾಣದಿರಬಹುದು. ಮೂತ್ರದಲ್ಲಿ ಪ್ರೋಟೀನ್, ಏರಿದ ರಕ್ತದೊತ್ತಡ ಎಂಬ ಲಕ್ಷಣಗಳು ಎರಡಕ್ಕೂ ಸಮಾನ. ಸ್ಟಿರಾಯ್ಡ್, ಮೈಕೋಫಿನೊಲೇಟ್, ಸೈಕ್ಲೋಫಾಸ್ಫಮೈಡ್ ಮೊದಲಾದುವು ಉರಿಯೂತವನ್ನು ತಣಿಸುತ್ತವೆ. ಕಟ್ಟಿದ ಹೆಪ್ಪಿಗೆ ಬೇಕಾದುದು ಹೆಪಾರಿನ್, ವಾರ್ಫರಿನ್‌ಗಳಂಥ ಔಷಧಗಳು. ಆದುದರಿಂದ ಬಯಾಪ್ಸಿ ಎಂದೊಡನೆ ಹೆದರುವ ಕುಟುಂಬದವರಿಗೆ, ಮೂತ್ರಪಿಂಡದ ಎಳೆಯಷ್ಟು ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡದೆ ಈ ನಿರ್ಣಯ ಕಷ್ಟವೆಂಬುದನ್ನು ವೈದ್ಯರು ಸಾವಧಾನವಾಗಿ ತಿಳಿಯಹೇಳಬೇಕೆಂಬುದು ನನ್ನ ಆಗ್ರಹ.

ಈ ರೋಗದಲ್ಲಿ ಹೆಪ್ಪು ಕಟ್ಟಲು ಮೂರನೆಯ ದಾರಿಯೊಂದುಂಟು. ಪ್ರೋಟೀನ್ ವಿಪರೀತವಾಗಿ ಸೋರುವಾಗ ಹೆಪ್ಪನ್ನು ತಡೆಯುವ ಆಂಟಿಥ್ರಾಂಬಿನ್ ಕೂಡ ಮೂತ್ರದೊಡನೆ ಹೊರಟುಹೋಗುತ್ತದೆ. ಯಕೃತ್ತು ಹೆಪ್ಪಿನ ಮೂಲವಸ್ತುವಾದ ಫೈಬ್ರಿನೊಜನ್ನನ್ನು ಅಧಿಕವಾಗಿ ಉತ್ಪಾದಿಸುತ್ತದೆ. ಆಗ ಕಾಲಿನ ಅಭಿಧಮನಿಯಲ್ಲಿಯೋ ಮೂತ್ರಪಿಂಡದ ಅಭಿಧಮನಿಯಲ್ಲಿಯೋ ದೊಡ್ಡ ಹೆಪ್ಪೇ ಕಟ್ಟಬಹುದು. ಒಂದು ಕಾಲು ಮಾತ್ರ ಬಾತು ನೋಯುವುದು, ಹಠಾತ್ತನೆ ಪಕ್ಕೆನೋವಿನೊಡನೆ ಮೂತ್ರದಲ್ಲಿ ರಕ್ತ ಕಾಣುವುದು, ಉಸಿರು ಕಟ್ಟುವುದು, ಇವಾದರೆ ಮರುದಿನಕ್ಕೆ ಕಾಯಬಾರದು.

ಮಲೇರಿಯಾಕ್ಕೆಂದು ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯು ಲೂಪಸ್ ಮರುಕಳಿಸುವುದನ್ನು ತಗ್ಗಿಸುವುದರ ಜೊತೆಗೆ ಹೆಪ್ಪಿನ ಅಪಾಯವನ್ನೂ ಕುಗ್ಗಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಮುಖದ ಕೆಂಪು ಮಾಯವಾಯಿತೆಂದು ಗುಳಿಗೆ ಬಿಟ್ಟು, ತಿಂಗಳುಗಳ ಮೇಲೆ ಪಾದ ಬಾತು ಆಸ್ಪತ್ರೆಗೆ ಮರಳುವ ಹೆಣ್ಣುಮಕ್ಕಳ ಸ್ಥಿತಿ ನೆನೆದರೆ ದುಃಖವಾಗುತ್ತದೆ. ಮದುವೆಯಾದವರಿಗೆ ಇನ್ನೊಂದು ವಿಷಯವನ್ನು ಮೊದಲೇ ಹೇಳಿರಬೇಕು: ವಾರ್ಫರಿನ್ನೂ ಮೈಕೋಫಿನೊಲೇಟೂ ಭ್ರೂಣಕ್ಕೆ ಹಾನಿಕರ; ರೋಗವು ಕನಿಷ್ಠ ಆರು ತಿಂಗಳಾದರೂ ಶಾಂತವಾಗಿದ್ದು, ವೈದ್ಯರು ಆ ಔಷಧಗಳನ್ನು ಬದಲಿಸಿದ ಮೇಲೆ ಗರ್ಭ ನಿಂತರೆ, ಹೆಪಾರಿನ್ ಮತ್ತು ಅಲ್ಪಪ್ರಮಾಣದ ಆಸ್ಪಿರಿನ್ನಿನ ಆಸರೆಯಲ್ಲಿ ಅನೇಕರು ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ.