ಲಾಯದವರಿಗೇ ಗೊತ್ತಾಗಲಿಲ್ಲ, ನಿಮಗೆ ಹೇಗೆ?

ಎಪ್ಸಮ್ ಡರ್ಬಿ ನಡೆಯೋದು ಇಂಗ್ಲೆಂಡಿನಲ್ಲಿ. ಆದರೆ ಜೂನ್ ತಿಂಗಳು ಬಂತು ಅಂದ್ರೆ ನಮ್ಮ ಬೆಂಗಳೂರಿನಲ್ಲೂ ಕೆಲವರಿಗೆ ನಿದ್ದೆ ಬರಲ್ಲ. ‘ಸಾರ್, ಈ ಸಲ ಯಾವ ಕುದುರೆ?’ ಅಂತ ನನ್ನನ್ನೇ ಕೇಳ್ತಾರೆ. ನಾನು ಸುದ್ದಿ ಓದುವವನು, ಟಿಪ್ಸ್ ಕೊಡುವವನಲ್ಲ. ಆದರೆ ಕಣದಲ್ಲಿರುವ ಕುದುರೆಗಳನ್ನು ಅಳೆಯೋದು ಹೇಗೆ ಅಂತ ಹೇಳಬಲ್ಲೆ.

1780ರಲ್ಲಿ ಶುರುವಾದ ರೇಸ್ ಇದು. ಓಡೋದು ಮೂರು ವರ್ಷದ ಕುದುರೆಗಳು ಮಾತ್ರ. ದೂರ 2,400 ಮೀಟರ್‌ಗಿಂತ ತುಸು ಹೆಚ್ಚು. ಇವುಗಳಲ್ಲಿ ಅನೇಕ ಕುದುರೆಗಳು ಅಷ್ಟು ದೂರ ಹಿಂದೆಂದೂ ಓಡಿರುವುದಿಲ್ಲ. ಆದ್ದರಿಂದ ಮೊದಲ ಪ್ರಶ್ನೆ, ಉಸಿರು ಉಳಿಯುತ್ತಾ? ಅದಕ್ಕೇ ಅಪ್ಪ, ಅಮ್ಮ, ಅಜ್ಜನ ಜಾತಕ ನೋಡೋದು.

ಎರಡನೆಯದು ನೆಲ. ಎಪ್ಸಮ್ ಟ್ರ್ಯಾಕ್ ಮಟ್ಟಸವಾಗಿಲ್ಲ. ಮೊದಲರ್ಧ ಏರು, ಆಮೇಲೆ ಟ್ಯಾಟನ್‌ಹ್ಯಾಮ್ ತಿರುವಿನವರೆಗೆ ಇಳಿಜಾರು, ಕೊನೆಯ ನೇರ ಹಾದಿಯಲ್ಲಿ ನೆಲವೇ ಒಂದು ಕಡೆಗೆ ವಾಲಿಕೊಂಡಿದೆ. ಇಲ್ಲಿ ವೇಗದಷ್ಟೇ ಸಮತೋಲನವೂ ಬೇಕು.

ಮೂರನೆಯದು ಹಿಂದಿನ ಸೋಲು. ಸೋತ ಕುದುರೆ ಅಂತ ತಳ್ಳಿಹಾಕಬೇಡಿ, ಯಾಕೆ ಸೋತಿತು ಅಂತ ಕೇಳಿ. ಆಗಸ್ಟ್ ರೋಡಿನ್ 2023ರಲ್ಲಿ 2000 ಗಿನೀಸ್ ರೇಸ್‌ನಲ್ಲಿ 12ನೇ ಸ್ಥಾನಕ್ಕೆ ಬಿದ್ದಿತ್ತು. ಮರುವರ್ಷ ಸಿಟಿ ಆಫ್ ಟ್ರಾಯ್ ಅದೇ ರೇಸ್‌ನಲ್ಲಿ 9ನೆಯದು. ಆ ರೇಸ್ ಬರೀ ಒಂದು ಮೈಲಿ. ಎರಡೂ ಕುದುರೆಗಳು ಕೆಲವೇ ವಾರಗಳಲ್ಲಿ ಡರ್ಬಿ ಗೆದ್ದವು!

ಈಗ 2025ಕ್ಕೆ ಬನ್ನಿ. ಟ್ರೈನರ್ ಏಡನ್ ಓಬ್ರಿಯನ್ ಅವರ ಒಂದೇ ಲಾಯದಿಂದ ಮೂರು ಕುದುರೆ ಕಣದಲ್ಲಿದ್ದವು. ಲಾಯದ ನಂಬರ್ ಒನ್ ಜಾಕಿ ರಯಾನ್ ಮೂರ್ ಏರಿದ್ದು ಡೆಲಕ್ರಾ ಎಂಬ ಕುದುರೆಯನ್ನು. ಜನರ ದುಡ್ಡೂ ಅದರ ಹಿಂದೆಯೇ ಹೋಯಿತು, ಅದು ಫೇವರಿಟ್ ಆಯಿತು. ಬಂದದ್ದು 9ನೇ ಸ್ಥಾನದಲ್ಲಿ. ಗೆದ್ದದ್ದು ಅದೇ ಲಾಯದ ಲ್ಯಾಂಬೋರ್ನ್, ಬೆಲೆ 13ಕ್ಕೆ 2. ಅಂದರೆ 100 ರೂಪಾಯಿಗೆ 650 ಲಾಭ.

ಲ್ಯಾಂಬೋರ್ನ್ ಜಾತಕ ನೋಡಿ. ಅಪ್ಪ ಆಸ್ಟ್ರೇಲಿಯಾ 2014ರ ಡರ್ಬಿ ವಿಜೇತ, ಅಜ್ಜ ಗೆಲಿಲಿಯೊ 2001ರ ವಿಜೇತ. ಚೆಸ್ಟರ್ ವಾಸ್ ರೇಸ್‌ನಲ್ಲಿ ಅಷ್ಟೇ ದೂರ ಓಡಿ ಗೆದ್ದೂ ಇತ್ತು. ಉತ್ತರ ಕಣ್ಣೆದುರೇ ಇತ್ತು ಅಲ್ವಾ? ರೇಸ್ ಮುಗಿದ ಮೇಲೆ ಎಲ್ಲರೂ ಪಂಡಿತರೇ, ನಾನೂ ಸೇರಿದಂತೆ. ಇನ್ನೊಂದು ಮಾತು, ಸೋತ ಡೆಲಕ್ರಾ ಮುಂದಿನ ತಿಂಗಳೇ ಎಕ್ಲಿಪ್ಸ್ ರೇಸ್ ಗೆದ್ದಿತು. ಕುದುರೆ ಕೆಟ್ಟದ್ದಲ್ಲ, ಆ ದಿನ ಅದರದ್ದಾಗಿರಲಿಲ್ಲ.

ಫೇವರಿಟ್ ಅಂದ್ರೆ ಗೆಲ್ಲೋ ಕುದುರೆ ಅಲ್ಲ ಸ್ವಾಮಿ, ಹೆಚ್ಚು ಜನ ನಂಬಿದ ಕುದುರೆ. ಕುದುರೆ ರೇಸ್ ಬರೀ ಅದೃಷ್ಟವಲ್ಲ, ಕೌಶಲದ ಆಟ ಅಂತ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ನಿಜ. ಆದರೆ ಕೌಶಲ ಬೇರೆ, ಗ್ಯಾರಂಟಿ ಬೇರೆ. ಆ ಕುದುರೆಗಳ ಬೆನ್ನ ಮೇಲೆ ಕೂತು ಪಳಗಿದ ಜಾಕಿಯೇ ಎಡವಿದ. ಹಾಗಿರುವಾಗ ‘ಒಳಗಿನ ಸುದ್ದಿ’ ಅಂತ ಮೊಬೈಲ್‌ಗೆ ಬಂದ ಒಂದು ಹೆಸರನ್ನು ನಂಬಿ, ಮಕ್ಕಳ ಸ್ಕೂಲ್ ಫೀಸನ್ನು ಕುದುರೆ ಬಾಲಕ್ಕೆ ಕಟ್ಟೋದು ಯಾವ ಕೌಶಲ?

ರೇಸ್ ನೋಡಿ, ಲೆಕ್ಕ ಹಾಕಿ, ಸಂತೋಷಪಡಿ. ಪರ್ಸ್ ಮಾತ್ರ ಜೇಬಲ್ಲೇ ಇರಲಿ.